ಟಾಟ್ ಸುಲಿದ ಎಲೆ

ಆಲ್ಬನ್ ನ್ಯಾಟ್ರಸ್‌ನ ಮದುವೆಯ ಫೋಟೊದಲ್ಲಿ ಮದುಮಗಳು ಕ್ಯಾಮೆರಾ ನೋಡುತ್ತಿದ್ದಾಳೆ, ಮದುಮಗ ಕ್ಯಾಮೆರಾದ ಕಾಲು ನೋಡುತ್ತಿದ್ದಾನೆ. ಸ್ಟ್ಯಾಂಡಿನ ಒಂದು ಕಾಲು ಚರ್ಚಿನ ಹುಲ್ಲಿನಲ್ಲಿ ಹೂತು ಕ್ಯಾಮೆರಾ ಒಂದಿಷ್ಟು ವಾಲಿತ್ತಂತೆ. ಫೋಟೊ ವಾಲಿಕೊಂಡೇ ಬಂತು. ಅದನ್ನು ಗೋಡೆಗೆ ಹಾಕುವಾಗ ಅವನು ಚೌಕಟ್ಟನ್ನು ಅಷ್ಟೇ ಅಳತೆಗೆ ಎದುರು ದಿಕ್ಕಿಗೆ ವಾಲಿಸಿ ಮೊಳೆ ಹೊಡೆದ. ಹಾಗಾಗಿ ಈಗ ಚರ್ಚು ನೆಟ್ಟಗಿದೆ, ಚೌಕಟ್ಟು ಸೊಟ್ಟಗಿದೆ. ಮನೆಗೆ ಬಂದವರೆಲ್ಲ ಅದನ್ನು ಸರಿಮಾಡಲು ಕೈ ಚಾಚುತ್ತಾರೆ. "ಮುಟ್ಟಬೇಡಿ, ಅದು ಸರಿಯಾಗೇ ಇದೆ" ಎಂದು ಅವನ ಹೆಂಡತಿ ಬೆಲ್ಲಾ ಅಡುಗೆಮನೆಯಿಂದಲೇ ಹೇಳುತ್ತಾಳೆ. ಕೈ ಚಾಚಿದ್ದು ಅವಳಿಗೆ ಕಾಣಬೇಕಾಗಿಲ್ಲ, ಮಾತು ನಿಂತದ್ದು ಕೇಳಿಸಿದರೆ ಸಾಕು.

ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ಥಾರ್ನ್‌ಬರ್ನ್ ಎಂಬ ನಮ್ಮ ಈ ಊರು ಕಲ್ಲಿದ್ದಲು ಗಣಿಗಾಗಿ ಹುಟ್ಟಿದ್ದು. ಗಣಿ ಮುಚ್ಚಿ ಬಹಳ ಕಾಲವಾಯಿತು. ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲು ಉಳಿದಿದೆ, ಸಾಲಿನ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ತುಂಡು ತರಕಾರಿ ತೋಟ ಉಳಿದಿದೆ, ಓಣಿಯ ಕೊನೆಯಲ್ಲಿ ಕಾರ್ಮಿಕರ ಕ್ಲಬ್ಬು ಉಳಿದಿದೆ. ಆಲ್ಬನ್ ಗಣಿಗೆ ಇಳಿದವನಲ್ಲ. ಬಸ್ ಡಿಪೊದಲ್ಲಿ ಪೇಂಟರ್ ಆಗಿದ್ದ. ಬಸ್ಸಿನ ಹೊಟ್ಟೆಯ ಉದ್ದಕ್ಕೆ ಕೆಂಪು ಬಣ್ಣದ ನಡುವೆ ಸಣ್ಣ ಹಳದಿ ಗೆರೆ ಓಡುತ್ತಿದ್ದ ಕಾಲ ಅದು. ಆ ಗೆರೆಯನ್ನು ಅವನು ಉದ್ದ ಕೂದಲಿನ ಕುಂಚದಿಂದ, ಪಟ್ಟಿಯ ಆಸರೆಯಿಲ್ಲದೆ, ಬಸ್ಸಿನ ಪಕ್ಕದಲ್ಲಿ ನಡೆಯುತ್ತಲೇ ಎಳೆಯುತ್ತಿದ್ದ. ಎಲ್ಲಾದರೂ ಕೂದಲೆಳೆಯಷ್ಟು ದಪ್ಪವಾದರೆ ಪೂರ್ತಿ ಒರೆಸಿ ಮತ್ತೆ ಮೊದಲಿಂದ.

"ಜನ ಬಸ್ಸಿನ ಒಳಗೆ ಕೂರ್ತಾರೆ ಆಲ್ಬನ್, ಆ ಗೆರೆ ಅವರಿಗೆ ಕಾಣೋದೇ ಇಲ್ಲ" ಎಂದು ಮೇಸ್ತ್ರಿ ಗೊಣಗುತ್ತಿದ್ದ.

"ಸ್ಟಾಪಲ್ಲಿ ಕಾಯ್ತಾ ಇರೋರಿಗೆ ಕಾಣುತ್ತೆ" ಎನ್ನುತ್ತಿದ್ದ ಆಲ್ಬನ್. "ಅವರಿಗೆ ಬೇರೆ ಕೆಲಸ ಏನಿರುತ್ತೆ?"

ಇಂಥವರಿಗೆ ಇಲ್ಲಿಯ ಜನರ ಬಾಯಲ್ಲಿ ಹೆಸರಿಗೆ ಬರವಿಲ್ಲ. ಕನ್ನಡದಲ್ಲಿ ನಾವಾದರೆ ‘ಅವನದು ಅತಿ ಅಚ್ಚುಕಟ್ಟು’ ಎನ್ನುತ್ತೇವೆ, ಮನುಷ್ಯನನ್ನು ಒಂದು ಕಡೆ ಇಟ್ಟು ಗುಣವನ್ನು ಇನ್ನೊಂದು ಕಡೆ ಇಡುತ್ತೇವೆ. ಇಂಗ್ಲಿಷರು ಗುಣದ ಮುಂದೆ ‘ಒಬ್ಬ’ ಎಂದು ಸೇರಿಸಿಬಿಡುತ್ತಾರೆ, ಅಲ್ಲಿಗೆ ಆಳು ತಯಾರು. ಒಬ್ಬ ಎಕ್ಸೆಂಟ್ರಿಕ್. ಒಬ್ಬ ಕಂಪಲ್ಸಿವ್. ಒಬ್ಬ ನ್ಯೂರಾಟಿಕ್. ಆ ಗುಣವನ್ನು ಬಿಟ್ಟು ಅವನಲ್ಲಿ ಬೇರೆ ಏನೂ ಇಲ್ಲವೇನೋ ಎಂಬಂತೆ. ಡಿಪೊದಲ್ಲಿ ಆಲ್ಬನ್‌ನ ಹೆಸರು ‘ಪರ್ಟಿಕ್ಯುಲರ್’ ಎಂದಿತ್ತು, ಎಲ್ಲವೂ ಹೀಗೇ ಇರಬೇಕು ಎನ್ನುವವನು. ಪರ್ಟಿಕ್ಯುಲರ್ ಊಟಕ್ಕೆ ಹೋಗಿದ್ದಾನೆ, ಪರ್ಟಿಕ್ಯುಲರ್‌ನ ಕುಂಚ ಮುಟ್ಟಬೇಡ, ಹೀಗೆ. ಅವನಿಗೆ ಅದರ ಬಗ್ಗೆ ದೂರೇನೂ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಆ ಹೆಸರು ಡಿಪೊದಲ್ಲೇ ಉಳಿಯಿತು. ಆಮೇಲೆ ಒಂದು ವರ್ಷ, ಲೀಕ್ ಎಂಬ ತರಕಾರಿಗೆಂದೇ ಕ್ಲಬ್ಬು ನಡೆಸುವ ಪ್ರದರ್ಶನದಲ್ಲಿ, ಪತ್ರಿಕೆಯೊಂದು ಅವನ ಫೋಟೊ ಹಾಕಿ ಕೆಳಗೆ ಅಚ್ಚು ಹಾಕಿತು: ‘ಥಾರ್ನ್‌ಬರ್ನ್‌ನ ಆಲ್ಬನ್ ನ್ಯಾಟ್ರಸ್, ಒಬ್ಬ ಲೀಕ್ ಅಬ್ಸೆಸಿವ್’.

ಒಂದೇ ವಿಷಯ ತಲೆಗೆ ಹತ್ತಿ ಇಳಿಯದೆ ಇರುವವನು ಎಂದು ಅರ್ಥ. ಬೆಲ್ಲಾ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಓದಿದಳು. ಪಕ್ಕದಲ್ಲಿ ಅವಳ ಅಣ್ಣ ಟಾಟ್ ಹೆಪಲ್ ಟೀ ಕುಡಿಯುತ್ತಿದ್ದ. ಥಾಮಸ್ ಎಂದು ಹೆಸರಿಟ್ಟವರನ್ನು ಇಲ್ಲಿ ಟಾಟ್ ಎನ್ನುವುದು ವಾಡಿಕೆ.

"ಇದೇನಿದು, ಕಾಯಿಲೆ ಹೆಸರಿನ ಥರ ಬರೆದಿದಾರೆ" ಎಂದಳು ಬೆಲ್ಲಾ.

"ಕಾಯಿಲೆ ಅಲ್ಲ ಕಣೇ, ಹುದ್ದೆ" ಎಂದ ಟಾಟ್. "ಪೋಸ್ಟ್‌ಮ್ಯಾನ್, ಪ್ಲಂಬರ್, ಅಬ್ಸೆಸಿವ್."

ಆಲ್ಬನ್ ಕನ್ನಡಕ ಹಾಕಿಕೊಂಡು ಫೋಟೊ ನೋಡಿದ. "ಎಡಗಡೆ ಲೀಕಿನ ಎಲೆ ತುದೀನ ಕತ್ತರಿಸಿಬಿಟ್ಟಿದಾರೆ" ಎಂದ.

"ನೋಡು" ಎಂದ ಟಾಟ್ ತಂಗಿಗೆ, "ಹುದ್ದೆ ಖಾಯಂ ಆಯ್ತು."

ಲೀಕ್ ಎಂದರೆ ಈರುಳ್ಳಿಯ ನೆಂಟ. ಗೆಡ್ಡೆ ಇಲ್ಲ, ದಪ್ಪ ಬಿಳಿ ಕಾಂಡ, ಮೇಲೆ ಬೀಸಣಿಗೆಯಂತೆ ಹರಡುವ ಅಗಲ ಹಸಿರೆಲೆ. ಬೇರೆ ಊರಿನವರು ಅದನ್ನು ಸೂಪಿಗೆ ಹಾಕುತ್ತಾರೆ. ಇಲ್ಲಿಯವರು ವರ್ಷವಿಡೀ ಅದನ್ನು ಸಾಕುತ್ತಾರೆ, ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಬೆಂಚಿನ ಮೇಲೆ ಒಬ್ಬೊಬ್ಬರು ಎರಡು ಲೀಕಿನ ಒಂದು ಜೊತೆಯಂತೆ ನಿಲ್ಲಿಸುತ್ತಾರೆ, ಆಮೇಲೆ ಸೂಪಿಗೆ ಹಾಕುತ್ತಾರೆ. ಬೀಜವನ್ನು ಅಂಗಡಿಯಿಂದ ತರುವವರು ಕಡಿಮೆ. ಒಂದೊಂದು ಮನೆಗೆ ಒಂದೊಂದು ತಳಿ, ಅಪ್ಪನಿಂದ ಮಗನಿಗೆ. ಕಾಂಡ ದಪ್ಪವಾದಷ್ಟೂ ಒಳ್ಳೆಯದು, ಉದ್ದ ಮಾತ್ರ ಆರು ಇಂಚು ಮೀರಬಾರದು. ಬೇರಿನ ಬುಡದಿಂದ, ಎಲ್ಲಕ್ಕಿಂತ ಹೊರಗಿನ ಎಲೆ ಕಾಂಡದಿಂದ ಬಿಡಿಸಿಕೊಂಡು ಹೊರಳುವ ಜಾಗದವರೆಗೆ ಅಳೆಯುತ್ತಾರೆ. ಆ ಜಾಗಕ್ಕೆ ಬಟನ್ ಎನ್ನುತ್ತಾರೆ. ಹೊರಗಿನ ಎಲೆಯಲ್ಲಿ ಕಲೆ ಇದ್ದರೆ ಸುಲಿಯಬಹುದು, ತಡೆಯುವವರಿಲ್ಲ. ಆದರೆ ಸುಲಿದರೆ ಒಳಗಿನ ಎಲೆಯೇ ಹೊರಗಿನದಾಗುತ್ತದೆ, ಅದು ಹೊರಳುವುದು ಇನ್ನೂ ಮೇಲೆ. ಬಟನ್ ಮೇಲಕ್ಕೆ ಜಿಗಿಯುತ್ತದೆ. ಎಷ್ಟು ಜಿಗಿಯುತ್ತದೆ ಎಂಬುದು ಸುಲಿಯುವ ತನಕ ಗೊತ್ತಾಗುವುದಿಲ್ಲ, ಸುಲಿದ ಎಲೆಯನ್ನು ಮತ್ತೆ ಅಂಟಿಸುವಂತಿಲ್ಲ. ಆಲ್ಬನ್ ಇದಕ್ಕೆಂದೇ ಬೀಟೆ ಮರದ ತುಂಡೊಂದನ್ನು ಆರು ಇಂಚಿಗೆ ಕೊರೆದು ಇಟ್ಟುಕೊಂಡಿದ್ದ. ಸುಲಿಯುವ ಮುಂಚೆ ಅಳೆದು, ಬೆರಳಲ್ಲಿ ಒಳಗಿನ ಎಲೆಯನ್ನು ತಡಕಿ, ಒಂದು ಕಪ್ ಟೀ ಕುಡಿದು ಬಂದು, ಮತ್ತೆ ಅಳೆದು, ಬಹಳ ಸಲ ಸುಲಿಯದೇ ಬಿಡುತ್ತಿದ್ದ.

ಟಾಟ್ ಎಂದೂ ಸುಲಿದವನಲ್ಲ. ಅವನು ಲೀಕ್ ಕಿತ್ತು, ನಲ್ಲಿಯ ಕೆಳಗೆ ಒಂದು ಕ್ಷಣ ಹಿಡಿದು, ಬೆಂಚಿಗೆ ತರುತ್ತಿದ್ದ. ಒಂದು ವರ್ಷ ಬೇರಿನಲ್ಲಿ ಎರೆಹುಳು ಇತ್ತು. ಅವನ ಅಪ್ಪ ಐಸಾಕ್ ಹೆಪಲ್‌ನ ಲೀಕ್ ಮಾತ್ರ ಈ ಸೀಮೆಯಲ್ಲೇ ಹೆಸರಾದದ್ದು. ಅಷ್ಟು ಅಗಲದ ಎಲೆ ಬೇರೆ ಯಾವ ತಳಿಯಲ್ಲೂ ಇಲ್ಲ. ಕ್ಲಬ್ಬಿನ ಹಾಲಿನಲ್ಲಿ ವೇದಿಕೆಯ ಮುಂದೆ ಕಪ್ಪು ಬಟ್ಟೆ ಹಾಸಿದ ಒಂದು ಬೆಂಚು ಇರುತ್ತದೆ, ಮೇಲಿನ ಬೆಂಚು ಎನ್ನುತ್ತಾರೆ. ಮೊದಲ ಹನ್ನೆರಡು ಜೊತೆಗೆ ಮಾತ್ರ ಅಲ್ಲಿ ಜಾಗ. ಉಳಿದವು ಗೋಡೆಯ ಪಕ್ಕದ ಉದ್ದ ಮೇಜುಗಳಲ್ಲಿ. ಐಸಾಕ್ ಬದುಕಿರುವಷ್ಟು ಕಾಲ ಮೇಲಿನ ಬೆಂಚು ಬಿಟ್ಟು ಕೆಳಗಿಳಿದವನಲ್ಲ. ಅದೇ ತಳಿ ಟಾಟ್‌ನ ಕೈಗೆ ಬಂದ ಮೇಲೆ ಒಂದು ಸಲವೂ ಹತ್ತಲಿಲ್ಲ.

"ನನಗೇನು ಬೇಜಾರಿಲ್ಲ, ಗೋಡೆ ಪಕ್ಕ ಬಾರ್ ಹತ್ರ ಆಗುತ್ತೆ" ಎಂದು ಅವನು ವರ್ಷವರ್ಷವೂ ಹೇಳುತ್ತಿದ್ದ. ಕಳೆದ ವಸಂತದಲ್ಲಿ ಮಾತ್ರ ಹೇಳಲಿಲ್ಲ. ಅವನ ಮೊಣಕಾಲು ಕೈಕೊಟ್ಟಿತ್ತು. ಮೆಟ್ಟಿಲು ಹತ್ತಲಾಗದೆ, ಸಮುದ್ರದ ಕಡೆ ಮಗಳ ಮನೆಯ ಎದುರಿಗೇ ಕೆಳಮಹಡಿಯ ಫ್ಲ್ಯಾಟ್ ಹಿಡಿದಿದ್ದ. ಅಕ್ಟೋಬರಿನಲ್ಲಿ ಹೊರಡುವುದೆಂದು ಗೊತ್ತಾಗಿತ್ತು. ಮಗಳನ್ನು ಕಂಡರೆ ಅವನಿಗೆ ಇಷ್ಟ, ಸಮುದ್ರವೂ ಇಷ್ಟ. ಅಲ್ಲಿ ಮಣ್ಣಿಲ್ಲ, ಅಷ್ಟೇ.

ತೋಟದ ಬೇಲಿಯ ಹತ್ತಿರ ನಿಂತು ಅವನು ಆಲ್ಬನ್‌ಗೆ ಹೇಳಿದ: "ಒಂದೇ ಒಂದು ಸಲ ಅಪ್ಪನ ಲೀಕನ್ನ ಆ ಬೆಂಚಿನ ಮೇಲೆ ನೋಡ್ಬೇಕು ಮಾರಾಯ. ಆಮೇಲೆ ಹೋಗ್ತೀನಿ."

"ಸರಿ. ನಾನು ನೋಡ್ಕೋತೀನಿ."

"ಅದೇ ಬೇಡ ಅನ್ನೋದು. ನೀರು ಹಾಕು. ಬುದ್ಧಿ ಹಾಕಬೇಡ. ನನ್ನ ಲೀಕು ನನ್ನ ಥರಾನೇ ಬೆಳೀಲಿ."

ಆ ಬೇಸಿಗೆಯಲ್ಲಿ ಆಲ್ಬನ್ ಪಟ್ಟ ಪಾಡನ್ನು ಓಣಿಯವರೆಲ್ಲ ನೋಡಿದ್ದೇವೆ. ಪಕ್ಕದ ತನ್ನ ತೋಟದಲ್ಲಿ ಎಲೆಯೆಲೆಯನ್ನೂ ಕಡ್ಡಿಗೆ ಕಟ್ಟಿ ನಿಲ್ಲಿಸಿದ್ದವನು, ಟಾಟ್‌ನ ತೋಟಕ್ಕೆ ಬಂದರೆ ನೀರಿನ ಕ್ಯಾನ್ ಬಗ್ಗಿಸಿ, ಖಾಲಿಯಾದ ತಕ್ಷಣ ತಿರುಗಿ ನೋಡದೆ ಹೊರಡುತ್ತಿದ್ದ. ಕಳೆ ಕಂಡರೆ ಕತ್ತು ಆ ಕಡೆ ತಿರುಗಿಸುತ್ತಿದ್ದ. ಒಮ್ಮೆ ಬೆಲ್ಲಾ ಕಿಟಕಿಯಿಂದ ನೋಡಿ, "ಅಲ್ಲಿ ನಿಂತು ಏನು ಮಾಡ್ತಿದ್ಯೋ" ಎಂದು ಕೂಗಿದಳು. "ಏನೂ ಮಾಡ್ತಿಲ್ಲ" ಎಂದ ಅವನು. "ಅದಕ್ಕೇ ಇಷ್ಟು ಹೊತ್ತು ಹಿಡೀತಿದೆ."

ಮಳೆ ಬಿಸಿಲು ಎರಡೂ ಹದವಾಗಿ ಬಂದ ವರ್ಷ. ಟಾಟ್‌ನ ಪಾತಿಯಲ್ಲಿ ಎರಡು ಲೀಕ್ ಐಸಾಕ್‌ನ ಕಾಲದ ಗಾತ್ರಕ್ಕೆ ಬಂದವು. ಆಗಸ್ಟ್ ಮುಗಿಯುವ ಹೊತ್ತಿಗೆ ಟಾಟ್ ತಾನಾಗಿ ಬಂದು, ತೊಳೆದು ಸಿಂಗರಿಸುವ ಕೆಲಸ ನೀನೇ ಮಾಡಿಕೊಡು ಎಂದು ಕೇಳಿದ. ಪ್ರದರ್ಶನದ ಶನಿವಾರ ಬೆಳಿಗ್ಗೆ ತಾನು ಕಿತ್ತು ತರುವುದು, ಆಲ್ಬನ್ ತನ್ನದರ ಜೊತೆಗೆ ಅದನ್ನೂ ಸಿದ್ಧ ಮಾಡುವುದು ಎಂದಾಯಿತು. ಕ್ಲಬ್ಬಿನಲ್ಲಿ ಅಳತೆಯ ಮೇಜಿಗೆ ಕೂರುವವಳು ಹಿಲ್ಡಾ ಪ್ರೌಡ್. ಮಧ್ಯಾಹ್ನ ಹನ್ನೆರಡಕ್ಕೆ ಅವಳು ಬಾಗಿಲು ಹಾಕಿದಳೆಂದರೆ ಸ್ವಂತ ಗಂಡ ಲೀಕ್ ಹಿಡಿದು ನಿಂತರೂ ತೆರೆಯುವುದಿಲ್ಲ. ನಿಂತದ್ದೂ ಉಂಟು.

ಶನಿವಾರ ಆಲ್ಬನ್ ಮುಂಜಾನೆಯೇ ತನ್ನ ಜೊತೆಯನ್ನು ಕಿತ್ತು ಶೆಡ್ಡಿನ ಟಬ್ಬಿನಲ್ಲಿ ನಿಲ್ಲಿಸಿದ್ದ. ಬೇರಿನ ಮಣ್ಣು ನೆನೆಯುತ್ತಿತ್ತು. ಬೇರು ಬಾಚಲು ಹಳೆಯ ಬಾಚಣಿಗೆ, ಎಲೆ ಒರೆಸಲು ಬಟ್ಟಲಲ್ಲಿ ಹಾಲು, ಮೃದುವಾದ ಬಟ್ಟೆ, ಎಲ್ಲವೂ ಹಲಗೆಯ ಮೇಲೆ ಸಾಲಾಗಿದ್ದವು. ಟಾಟ್ ಬಂದದ್ದು ಹೇಳಿದ ಹೊತ್ತಿಗಿಂತ ತಡವಾಗಿ, ತಳ್ಳುಗಾಡಿಯಲ್ಲಿ ಒದ್ದೆ ಟವೆಲ್ ಸುತ್ತಿದ ಗಂಟು ಇಟ್ಟುಕೊಂಡು. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಇವತ್ತು ನಿನಗೆ ಕೆಲಸ ಕಡಿಮೆ ಮಾಡಿದೀನಿ" ಎಂದ. "ಬಿಚ್ಚಿ ನೋಡು."

ಆಲ್ಬನ್ ಟವೆಲ್ ಬಿಚ್ಚಿದ. ಎರಡು ಲೀಕೂ ಹಾಲಿನಂತೆ ಬೆಳ್ಳಗಿದ್ದವು. ಒಂದು ಮಣ್ಣಿನ ಕಣವಿಲ್ಲ, ಒಂದು ಕಲೆಯಿಲ್ಲ. ಅವನು ಬೀಟೆ ಮರದ ತುಂಡನ್ನು ಎತ್ತಿಕೊಂಡ. ಮೊದಲನೆಯದರ ಪಕ್ಕ ಹಿಡಿದ. ಸರಿ ಇತ್ತು. ಎರಡನೆಯದರ ಪಕ್ಕ ಹಿಡಿದ. ತೆಗೆದು ತುಂಡನ್ನು ಒರೆಸಿ ಮತ್ತೆ ಹಿಡಿದ.

"ಇದನ್ನ ಸುಲಿದ್ಯಾ ಟಾಟ್?"

"ಒಂದೇ ಎಲೆ. ತುಕ್ಕು ಹಿಡಿದ ಥರ ಒಂದು ಚುಕ್ಕೆ ಇತ್ತು. ಅದನ್ನ ಹಿಡ್ಕೊಂಡು ನಿನ್ನ ಹತ್ರ ಹೆಂಗೆ ಬರೋದು? ನಿನ್ನ ಮುಖ ನೋಡಕ್ಕೆ ನನಗೆ ಧೈರ್ಯ ಬೇಡ್ವಾ?"

ಆಲ್ಬನ್ ಮರದ ತುಂಡನ್ನು ಅವನ ಕೈಗೆ ಕೊಟ್ಟ. ಟಾಟ್ ತಾನೇ ಹಿಡಿದು ನೋಡಿದ. ಬಟನ್ ತುಂಡಿನ ತುದಿಯನ್ನು ದಾಟಿ, ಕಿರುಬೆರಳ ಉಗುರಿನಷ್ಟು ಮೇಲೆ ಕೂತಿತ್ತು. ಹಿಲ್ಡಾಗೆ ಉಗುರಿನಷ್ಟು ಎಂಬುದಿಲ್ಲ. ಮೀರಿತೋ ಇಲ್ಲವೋ, ಅಷ್ಟೇ.

"ಒಂದೇ ಎಲೆ ಕಣೋ" ಎಂದ ಟಾಟ್. ತಳ್ಳುಗಾಡಿಯ ಅಂಚಿನ ಮೇಲೆ ಕೂತ. ನಗು ಎಲ್ಲಿ ಹೋಯಿತೋ. "ನಲವತ್ತು ವರ್ಷ ಮಣ್ಣು ಮೆತ್ಕೊಂಡೇ ತಂದೆ, ಒಬ್ಬನೂ ಹೊರಗೆ ಹಾಕ್ಲಿಲ್ಲ. ಒಂದಿನ ಶುದ್ಧ ಮಾಡಕ್ಕೆ ಹೋದೆ ನೋಡು."

ಬೆಲ್ಲಾ ಟೀ ತಂದವಳು ಬಾಗಿಲಲ್ಲೇ ನಿಂತಳು. ಇಬ್ಬರ ಮುಖ ನೋಡಿದಳು, ಲೀಕ್ ನೋಡಿದಳು, ಟ್ರೇ ಕೆಳಗಿಟ್ಟಳು. "ಪಾತಿಯಲ್ಲಿ ಇನ್ನೊಂದು ಇಲ್ವಾ?" ಎಂದಳು.

"ಇದೆ" ಎಂದ ಆಲ್ಬನ್.

"ಅದಾ? ಅದು ಮೂಲೇದು, ಸಣ್ಣದು" ಎಂದ ಟಾಟ್. "ಬಸವನಹುಳ ಕಚ್ಚಿದೆ. ಮುಟ್ಟಿಲ್ಲ ಅದನ್ನ ನಾನು."

"ಮುಟ್ಟಿಲ್ಲ ತಾನೇ? ಬಾ."

ಹನ್ನೆರಡಕ್ಕೆ ಒಂದು ಗಂಟೆಯೂ ಇರಲಿಲ್ಲ. ಆಲ್ಬನ್ ಒಂದು ಲೀಕ್ ಸಿದ್ಧಮಾಡಲು ಅರ್ಧ ದಿನ ತೆಗೆದುಕೊಳ್ಳುವವನು. ಮೂಲೆಯ ಲೀಕಿನ ಸುತ್ತ ಬೆರಳಿನಿಂದಲೇ ಮಣ್ಣು ಬಿಡಿಸಿದ, ಟಾಟ್ ಪೈಪಿನಲ್ಲಿ ನೀರು ಬಿಟ್ಟ, ಅದು ಬೇರು ಹರಿಯದೆ ಮೇಲೆ ಬಂತು. ಅಳೆದರೆ ಉದ್ದ ಸರಿಯಿತ್ತು. ದೊಡ್ಡದರ ಪಕ್ಕ ನಿಲ್ಲಿಸಿದರೆ ಅಣ್ಣನ ಪಕ್ಕ ತಮ್ಮ ನಿಂತಂತೆ ಇತ್ತು, ಎಲೆಯ ಅಗಲ ಮಾತ್ರ ಅದೇ. ಹೊರಗಿನ ಎಲೆಯ ಅಂಚಿನಲ್ಲಿ ಹುಳ ಕಚ್ಚಿದ ಅರ್ಧಚಂದ್ರ.

ಆಲ್ಬನ್ ಶೆಡ್ಡಿನಲ್ಲಿ ಕೂತು ಬೇರು ಬಾಚಿದ. ಅಷ್ಟು ಬೇಗ ಅವನ ಕೈ ಓಡಿದ್ದನ್ನು ಬೆಲ್ಲಾ ನೋಡಿರಲಿಲ್ಲ. ಬಸ್ಸಿನ ಗೆರೆ ಎಳೆಯುವಾಗ ಹಾಗೆ ಓಡುತ್ತಿತ್ತೇನೋ, ಅದನ್ನು ಅವಳು ಕಂಡವಳಲ್ಲ. ಒಂದೊಂದು ಎಲೆಯ ಬುಡದಿಂದ ತುದಿಗೆ ಹಾಲಿನ ಬಟ್ಟೆ ಒಂದೇ ಸಲ ಸರಿಯುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿರಲಿಲ್ಲ. ಕಚ್ಚಿದ ಎಲೆಯ ಹತ್ತಿರ ಬಂದಾಗ ಬಟ್ಟೆ ನಿಂತಿತು.

"ಅದನ್ನ ಹಂಗೇ ಬಿಡ್ತೀಯಾ?" ಎಂದ ಟಾಟ್.

"ಬಿಡ್ತೀನಿ. ಸುಲಿದ್ರೆ ದಪ್ಪ ಹೋಗುತ್ತೆ."

"ನಿಜವಾಗ್ಲೂ?"

"ಮಾತಾಡಬೇಡ. ಮನಸ್ಸು ಬದಲಾಗುತ್ತೆ."

ಬೆಲ್ಲಾ ಗಡಿಯಾರ ನೋಡಿದಳು. ಟಬ್ಬಿನಲ್ಲಿ ಆಲ್ಬನ್‌ನ ಸ್ವಂತ ಜೊತೆ ಮೊಣಕಾಲುದ್ದ ಕೆಸರು ನೀರಿನಲ್ಲಿ ನಿಂತಿತ್ತು. ಕಳೆದ ಸಲ ಅವನಿಗೆ ಮೂರನೆಯ ಸ್ಥಾನ ಬಂದಿತ್ತು, ಅದರ ಹಿಂದಿನ ಸಲ ನಾಲ್ಕನೆಯದು. "ನಿನ್ನದು?" ಎಂದು ಕೇಳಿದಳು.

"ನನ್ನದು ಇನ್ನೂ ತೊಳೆದೇ ಇಲ್ವಲ್ಲ."

"ನಾನು ತೊಳೀಲಾ?"

ಅವನು ತಲೆ ಎತ್ತಿ ನೋಡಿದ ರೀತಿಗೆ ಅವಳು ಮತ್ತೆ ಕೇಳಲಿಲ್ಲ. ಟಾಟ್ ಮಾತ್ರ, "ಆಲ್ಬನ್, ನಂದು ಬಿಡು, ನಿಂದು ಮಾಡ್ಕೋ. ನೀನು ಗೆಲ್ಲೋ ಕುದುರೆ" ಎಂದ.

"ಆ ಹಗ್ಗ ಕೊಡು" ಎಂದ ಆಲ್ಬನ್.

ತಳ್ಳುಗಾಡಿಯಲ್ಲಿ ದಿಂಬು ಹಾಕಿ, ಎರಡು ಲೀಕನ್ನು ಮಲಗಿಸಿ, ಹಗ್ಗದಿಂದ ಸಡಿಲವಾಗಿ ಕಟ್ಟಿ, ಮೂವರೂ ಓಣಿಯಲ್ಲಿ ಹೊರಟರು. ಟಾಟ್‌ಗೆ ಓಡಲಾಗದು, ಆಲ್ಬನ್‌ಗೆ ಓಡಲು ಮನಸ್ಸಿಲ್ಲ, ಗಾಡಿ ಕುಲುಕಿದರೆ ಎಲೆ ಮುರಿಯುತ್ತದೆ. ಬೆಲ್ಲಾ ಮುಂದೆ ಹೋಗಿ ಕ್ಲಬ್ಬಿನ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಪಕ್ಕಕ್ಕೆ ಬಾ ಬೆಲ್ಲಾ, ಹೊತ್ತಾಯ್ತು" ಎಂದಳು ಹಿಲ್ಡಾ ಒಳಗಿಂದ.

"ಇನ್ನೂ ಆಗಿಲ್ಲ. ನಿನ್ನ ಗಡಿಯಾರ ಮುಂದಿದೆ."

"ನನ್ನ ಗಡಿಯಾರ ಸರಿಯಾಗಿದೆ. ಒಂದು ನಿಮಿಷ ಇದೆ, ಅಷ್ಟೇ."

"ಹಾಗಾದ್ರೆ ಒಂದು ನಿಮಿಷ ನಿಂತಿರ್ತೀನಿ."

ಗಾಡಿಯ ಚಕ್ರ ಹೊಸ್ತಿಲು ದಾಟಿದ ಮೇಲೆ ಹಿಲ್ಡಾ ಬಾಗಿಲು ಹಾಕಿದಳು. ಅಳೆದಳು. ಎರಡೂ ಉದ್ದ ಸರಿ ಎಂದಳು. ಕಚ್ಚಿದ ಎಲೆ ನೋಡಿ ಆಲ್ಬನ್‌ನ ಮುಖ ನೋಡಿದಳು. "ಇದನ್ನ ನೀನು ಸಿಂಗರಿಸಿದ್ದಾ?"

"ಹೌದು."

"ಹುಷಾರಿದೀಯ ತಾನೇ?"

ಸಂಜೆ ಹಾಲ್ ತೆರೆದಾಗ ಓಣಿಯವರೆಲ್ಲ ಇದ್ದೆವು. ಪ್ರತಿ ಜೊತೆಯ ಮುಂದೆ ಬೆಳೆದವರ ಹೆಸರು, ಸ್ಥಾನ ಬರೆದ ಚೀಟಿ. ಟಾಟ್ ಮೊದಲು ಗೋಡೆಯ ಕಡೆಗೇ ಹೋದ, ಅಭ್ಯಾಸ. ಮೇಜಿನ ಉದ್ದಕ್ಕೂ ಹುಡುಕಿದ, ಸಿಗಲಿಲ್ಲ. ಹೊರಗೆ ಹಾಕಿಬಿಟ್ಟಿದ್ದಾರೆ ಎಂದುಕೊಂಡು ಕೋಟು ತೆಗೆದುಕೊಳ್ಳುತ್ತಿದ್ದವನನ್ನು ಬೆಲ್ಲಾ ತೋಳು ಹಿಡಿದು ವೇದಿಕೆಯ ಮುಂದೆ ಕರೆತಂದಳು. ಮೇಲಿನ ಬೆಂಚಿನ ಬಲತುದಿಯಲ್ಲಿ, ಎಲ್ಲಕ್ಕಿಂತ ಕೊನೆಯಲ್ಲಿ, ಆ ಅಣ್ಣ ತಮ್ಮ ಲೀಕು ನಿಂತಿದ್ದವು. ಹನ್ನೆರಡನೆಯದು.

ಟಾಟ್ ಬಗ್ಗಿ ಚೀಟಿಯನ್ನು ಎರಡು ಸಲ ಓದಿದ. ಬೆಲ್ಲಾ ಅವನಿಗೊಂದು ಕುರ್ಚಿ ತಂದಿಟ್ಟಳು.

ಹಿಲ್ಡಾ ಗ್ಲಾಸ್ ಹಿಡಿದು ಬಂದು ಅಭಿನಂದನೆ ಹೇಳಿದಳು. "ಆಲ್ಬನ್ ಇವತ್ತು ತರದೇ ಇದ್ದದ್ದು ನಿನ್ನ ಅದೃಷ್ಟ ಟಾಟ್. ತಂದಿದ್ರೆ ನೀನು ಗೋಡೆ ಪಕ್ಕ." ಬೆಲ್ಲಾ ಅವಳ ಕಾಲು ತುಳಿಯುವಷ್ಟರಲ್ಲಿ ಮಾತು ಮುಗಿದಿತ್ತು.

ಟಾಟ್ ಪಕ್ಕದಲ್ಲಿ ನಿಂತಿದ್ದ ಆಲ್ಬನ್ ಕಡೆ ತಿರುಗಿದ. "ಬೆಳಿಗ್ಗೆ ಈ ಲೆಕ್ಕ ಹಾಕಿದ್ಯಾ ನೀನು?"

"ಯಾವ ಲೆಕ್ಕ?"

"ಬೆಂಚಿನ ಲೆಕ್ಕ."

"ಅರ್ಧ ತೊಳೆದ ಲೀಕನ್ನ ನಾನು ಯಾವತ್ತಾದ್ರೂ ಇಲ್ಲಿಗೆ ತಂದಿದೀನಾ?"

"ಇಲ್ಲ."

"ಮತ್ತೆ?"

ಅಷ್ಟರಲ್ಲಿ ಪಕ್ಕದ ಊರಿನ ಮುದುಕನೊಬ್ಬ ಬೆಂಚಿನ ಉದ್ದಕ್ಕೂ ನೋಡುತ್ತ ಬಂದವನು ಕೊನೆಯ ಜೊತೆಯ ಮುಂದೆ ನಿಂತ. ಕನ್ನಡಕವನ್ನು ಹಣೆಗೇರಿಸಿದ್ದ, ಚೀಟಿ ಓದುವ ಗೋಜಿಗೆ ಹೋಗಲಿಲ್ಲ. ಎಲೆಯನ್ನೇ ದಿಟ್ಟಿಸಿದ. "ಇದು ಐಸಾಕ್ ಹೆಪಲ್‌ನ ಲೀಕಲ್ವಾ?" ಎಂದ. "ಈ ಎಲೆ ನೋಡಿ ಎಷ್ಟು ಕಾಲ ಆಯ್ತು. ಎಲ್ಲಿತ್ತು ಇಷ್ಟು ದಿನ?"

"ಗೋಡೆ ಪಕ್ಕ" ಎಂದ ಟಾಟ್. ಕುರ್ಚಿಯನ್ನು ಸರಿಸಿ ಮುದುಕನಿಗೂ ಜಾಗ ಮಾಡಿಕೊಟ್ಟ. ಇಬ್ಬರೂ ಐಸಾಕ್‌ನ ಮಾತಿಗೆ ಇಳಿದರು.

ಆಲ್ಬನ್ ಕೂರಲಿಲ್ಲ. ಹಿಲ್ಡಾ ಸಣ್ಣ ಲೀಕನ್ನು ನಿಲ್ಲಿಸುವಾಗ ಹುಳ ಕಚ್ಚಿದ ಅರ್ಧಚಂದ್ರವನ್ನು ಸರಿಯಾಗಿ ಮುಂದಕ್ಕೆ, ಜನರ ಕಡೆಗೆ ತಿರುಗಿಸಿಟ್ಟಿದ್ದಳು. ಒಮ್ಮೆ ಬೆಂಚಿಗೆ ಬಂದದ್ದನ್ನು ಯಾರೂ ಮುಟ್ಟುವಂತಿಲ್ಲ. ಅವನ ಎರಡು ಕೈಗಳೂ ಪ್ಯಾಂಟಿನ ಜೇಬಿನೊಳಗೆ ಮುಷ್ಟಿ ಕಟ್ಟಿದ್ದವು. ಬೆಲ್ಲಾ ಎರಡು ತಟ್ಟೆಯಲ್ಲಿ ಬಿಸಿ ಪೈ ತಂದು ಒಂದನ್ನು ಅಣ್ಣನಿಗೆ ಕೊಟ್ಟು, ಇನ್ನೊಂದನ್ನು ಗಂಡನ ಮುಂದೆ ಹಿಡಿದಳು. ಅವನು ಒಂದು ಕೈಯನ್ನು ಮಾತ್ರ ಹೊರಗೆ ತೆಗೆದ.